ಹುನಾನಿನ ಹಿರಿಯರ ಮರದ ಮೂರ್ತಿ: ನಾಲ್ಕು ತಿಂಗಳ ದುರಸ್ತಿಯ ದಾಖಲೆ

ಸಿಂಗಪುರದ ನಮ್ಮ ಫ್ಲ್ಯಾಟಿನ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಚೀನೀ ಹಿರಿಯರೊಬ್ಬರಿದ್ದಾರೆ. ಇಲ್ಲಿಯ ರೂಢಿಯಂತೆ ನಾನು ಅವರನ್ನು ಆಂಟಿ ಎಂದು ಕರೆಯುತ್ತೇನೆ. ಅವರ ಮಾವ ಚೀನದ ಹುನಾನ್ ಪ್ರಾಂತದವರು; ಊರು ಬಿಟ್ಟು ಬರುವಾಗ ಬಟ್ಟೆಯ ಗಂಟಿನಲ್ಲಿ ಒಂದು ಮರದ ಮೂರ್ತಿಯನ್ನು ತಂದಿದ್ದರಂತೆ. 2023ರ ಕೊನೆಯಲ್ಲಿ ಅದರ ಬುಡದಿಂದ ಹಿಟ್ಟಿನಂಥ ಹುಡಿ ಉದುರಲು ಆರಂಭಿಸಿದಾಗ, ನಾನು ರಜೆಯ ದಿನಗಳಲ್ಲಿ ಹಳೆಯ ಪೀಠೋಪಕರಣಗಳನ್ನು ಸರಿಪಡಿಸುವುದನ್ನು ಕಂಡಿದ್ದ ಆಂಟಿ, ಇದನ್ನೂ ನೋಡುವೆಯಾ ಎಂದು ಕೇಳಿದರು. ಮರಗೆಲಸದ ಮೊದಲ ಪಾಠಗಳನ್ನು ನಾನು ಕಲಿತದ್ದು ಕರ್ನಾಟಕದ ಸಾಗರ ಪಟ್ಟಣದಲ್ಲಿ, ಮರ ಕೆತ್ತುವ ನಮ್ಮ ಬೀದಿಯ ಗುಡಿಗಾರರ ಮನೆಯ ಜಗಲಿಯಲ್ಲಿ ಕುಳಿತು. ಆದರೆ ಬಣ್ಣ ಬಳಿದ, ಪೂಜೆಗೊಂಡ ಮೂರ್ತಿಯನ್ನು ಅದುವರೆಗೆ ಮುಟ್ಟಿರಲಿಲ್ಲ. ಈ ದಾಖಲೆಯಲ್ಲಿ ಮಾಡಿದ್ದನ್ನೂ ಕೆಡಿಸಿದ್ದನ್ನೂ ದಿನಾಂಕದ ಕ್ರಮದಲ್ಲಿ ಬರೆದಿದ್ದೇನೆ. ಇಂಥ ಮೂರ್ತಿ ಮನೆಯಲ್ಲಿರುವವರು ನಾನು ಕೆಡಿಸಿದ ಭಾಗಗಳನ್ನು ಗಮನವಿಟ್ಟು ಓದಬೇಕೆಂಬುದು ನನ್ನ ವಿನಂತಿ.

ಫೆಬ್ರವರಿ 25, 2024: ಒಪ್ಪಿಗೆ, ಅಳತೆ, ಚಿತ್ರ

ಮೂರ್ತಿಯನ್ನು ಕೈಗೆ ಕೊಡುವ ಮೊದಲು ಆಂಟಿ ತಮ್ಮ ಪರಿಚಯದ ತಾವೋ ಪುರೋಹಿತರನ್ನು ಕರೆಸಿದರು. ಅವರು ಧೂಪ ಹಚ್ಚಿ, ಮಂತ್ರ ಓದಿ, ಮೂರ್ತಿಯಲ್ಲಿ ನೆಲೆಸಿರುವ ಚೇತನವನ್ನು ಸ್ವಲ್ಪ ಕಾಲ ಹೊರಗೆ ಇರಬೇಕೆಂದು ಬೇಡಿಕೊಂಡರು. ನಮ್ಮ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣೆ ಮಾಡಿ ದೇವರ ಕಳೆಯನ್ನು ಕಲಶಕ್ಕೆ ತೆಗೆದುಕೊಳ್ಳುವುದನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಳಿ ಹಿಡಿಯುವವನಿಗೂ ಇದರಿಂದ ಮನಸ್ಸು ಹಗುರಾಗುತ್ತದೆ. ಇಂಥ ಮೂರ್ತಿಯನ್ನು ಮುಟ್ಟುವ ಯಾರೇ ಆಗಲಿ ಈ ಹಂತವನ್ನು ಬಿಡಬಾರದು.

ಎತ್ತರ 23.5 ಸೆಂಟಿಮೀಟರ್, ಮೊಣಕೈಗಳ ನಡುವಿನ ಅಗಲ 10.2, ಮುಂದಿನಿಂದ ಹಿಂದಕ್ಕೆ 8.4, ತೂಕ 612 ಗ್ರಾಂ. ಬಿಳಿ ಗಡ್ಡದ ವೃದ್ಧರೊಬ್ಬರು ಟೋಪಿ ಧರಿಸಿ ಕುರ್ಚಿಯಲ್ಲಿ ನೇರವಾಗಿ ಕುಳಿತಿದ್ದಾರೆ. ಕೆಂಪು ನಿಲುವಂಗಿ, ಚಿನ್ನದ ರೇಕು ಅಂಟಿಸಿದ ಸೊಂಟಪಟ್ಟಿ ಮತ್ತು ಭುಜದ ಅಂಚು. ಎಡಗೈ ಸೊಂಟಪಟ್ಟಿಯನ್ನು ಹಿಡಿದಿದೆ. ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. ಅಲ್ಲಿ 6 ಮಿಲಿಮೀಟರ್ ವ್ಯಾಸದ, 9 ಮಿಲಿಮೀಟರ್ ಆಳದ ತೂತು ಮಾತ್ರ ಉಳಿದಿದೆ. ಹಸ್ತವನ್ನು ಬೇರೆಯಾಗಿ ಕೆತ್ತಿ ಗೂಟದಿಂದ ಸೇರಿಸಿದ್ದರೆಂಬುದು ಇದರಿಂದ ಸ್ಪಷ್ಟ. ಬೆನ್ನಿನಲ್ಲಿ 4.1 ಸೆಂಟಿಮೀಟರ್ ಎತ್ತರದ, 2.6 ಸೆಂಟಿಮೀಟರ್ ಅಗಲದ ಮುಚ್ಚಳವಿತ್ತು. ಹುನಾನಿನ ಮನೆಪೂಜೆಯ ಮೂರ್ತಿಗಳ ಬೆನ್ನಿನಲ್ಲಿ ಗೂಡು ಕೊರೆದು ಪ್ರತಿಷ್ಠೆಯ ಕಾಗದವನ್ನೂ ಬೇರೆ ವಸ್ತುಗಳನ್ನೂ ಇಟ್ಟು ಮುಚ್ಚುವ ಪದ್ಧತಿಯಿದೆ. ಮಾರುಕಟ್ಟೆಗೆ ಬಂದ ಎಷ್ಟೋ ಮೂರ್ತಿಗಳ ಗೂಡು ಬರಿದಾಗಿರುತ್ತದೆ. ಇದರದು ತೆರೆದಂತೆ ಕಾಣಲಿಲ್ಲ.

ಆಂಟಿಯ ಮನೆಯಲ್ಲಿ ಈ ಮೂರ್ತಿಯನ್ನು ತೂದಿಗೋಂಗ್, ಅಂದರೆ ನೆಲದ ದೇವರು ಎಂದು ನಂಬಿದ್ದರು. ಬಿಳಿ ಗಡ್ಡದ ವೃದ್ಧನ ರೂಪ ಆ ದೇವರಿಗೂ ಸಲ್ಲುತ್ತದೆ. ನೆಲದ ದೇವರ ಸ್ಥಾನ ನೆಲಮಟ್ಟದಲ್ಲಿ. ಆದ್ದರಿಂದ ಸುಮಾರು ನಲವತ್ತು ವರ್ಷ ಇವರು ದೊಡ್ಡ ಪೂಜಾಪೀಠದ ಅಡಿಯಲ್ಲಿ, ದಿನವೂ ಒದ್ದೆ ಬಟ್ಟೆಯಿಂದ ಒರೆಸುವ ನೆಲದಿಂದ ಮೂರು ಬೆರಳು ಎತ್ತರದಲ್ಲಿ ಕುಳಿತಿದ್ದರು. ಬುಡ ಏಕೆ ಹಾಳಾಗಿದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು. ಉಳಿದರ್ಧ ಮೇ ತಿಂಗಳಲ್ಲಿ ಸಿಕ್ಕಿತು.

ಎಂಟು ದಿಕ್ಕುಗಳಿಂದ, ಮೇಲಿನಿಂದ, ಬುಡದಿಂದ, ಒಂದೇ ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು, ಒಟ್ಟು 64 ಚಿತ್ರಗಳನ್ನು ತೆಗೆದುಕೊಂಡೆ. ಓರೆ ಬೆಳಕಿನಲ್ಲಿ ಎದ್ದು ನಿಂತ ಬಣ್ಣದ ಹಕ್ಕಳೆಗಳೆಲ್ಲ ನೆರಳಿನಿಂದ ಗೊತ್ತಾಗುತ್ತವೆ. ಕೆಂಪು ಬಣ್ಣ ಪಾದರಸವಿರುವ ಹಿಂಗಲೀಕವಾಗಿರಬಹುದು, ಮುಖದ ತಿಳಿಬಣ್ಣದಲ್ಲಿ ಸೀಸದ ಬಿಳಿ ಇರಬಹುದು, ಎರಡೂ ವಿಷಕಾರಿ ಎಂದು ಭಾವಿಸಿ ಮೊದಲ ದಿನದಿಂದಲೇ ನೈಟ್ರೈಲ್ ಕೈಗವಸು ಧರಿಸಿದೆ. ಉಜ್ಜುಕಾಗದವನ್ನು ಮೂರ್ತಿಯ ಹತ್ತಿರಕ್ಕೆ ತರಲಿಲ್ಲ.

ಫೆಬ್ರವರಿ 28ರಿಂದ ಮಾರ್ಚ್ 27: ಕುಟ್ಟೆ ಹುಳುವಿಗೆ ಉಸಿರು ಕಟ್ಟಿಸಿದ್ದು

ಹುಡಿ ಹೊಸದಾಗಿ, ತಿಳಿಬಣ್ಣದಲ್ಲಿ ಬೀಳುತ್ತಿತ್ತು. ಅಂದರೆ ಕುಟ್ಟೆ ಒಳಗೆ ಜೀವಂತವಾಗಿದೆ. ಬುಡದಲ್ಲಿ 31 ತೂತು, ಬೆನ್ನಿನ ಮುಚ್ಚಳದಲ್ಲಿ 7. ಔಷಧಿ ದ್ರಾವಣವನ್ನು ಚುಚ್ಚಿದರೆ ಗೂಡಿನೊಳಗಿನ ಕಾಗದ ನೆನೆಯುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುವ ದಾರಿ ಬರಿಯ ಮರಕ್ಕೆ ಸರಿ. ಹಕ್ಕಳೆಯೆದ್ದ ಬಣ್ಣವಿರುವಾಗ ನನಗೆ ಧೈರ್ಯ ಬರಲಿಲ್ಲ. ಹಾಗಾಗಿ ಆಮ್ಲಜನಕ ತೆಗೆಯುವ ದಾರಿಯನ್ನು ಆರಿಸಿಕೊಂಡೆ. ಗಾಳಿಯಾಡದ ಚೀಲದಲ್ಲಿ ಮೂರ್ತಿಯನ್ನಿಟ್ಟು, ಕಬ್ಬಿಣದ ಪುಡಿಯಿರುವ ಆಮ್ಲಜನಕ ಹೀರುವ ಪೊಟ್ಟಣಗಳನ್ನು ಹಾಕಿ ಮುಚ್ಚಿದರೆ ಮೂರು ವಾರಗಳಲ್ಲಿ ಹುಳು, ಮರಿ, ಮೊಟ್ಟೆ ಎಲ್ಲವೂ ಸಾಯುತ್ತವೆ.

ಮೊದಲ ತಪ್ಪು ಇಲ್ಲಿಯೇ ಆಯಿತು. ಅಡುಗೆಮನೆಯ ದಪ್ಪ ಜಿಪ್ ಚೀಲ ಸಾಕೆಂದುಕೊಂಡೆ. ಒಳಗೆ ಇಟ್ಟ ಸೂಚಕ ಮಾತ್ರೆ ಆಮ್ಲಜನಕ ಶೇಕಡಾ 0.1ಕ್ಕಿಂತ ಕಡಿಮೆಯಾದರೆ ಗುಲಾಬಿಯಾಗುತ್ತದೆ, ಹೆಚ್ಚಾದರೆ ನೀಲಿಗೆ ತಿರುಗುತ್ತದೆ. ಮರುದಿನ ಗುಲಾಬಿಯಾಗಿತ್ತು, ನಾನು ನೆಮ್ಮದಿಯಿಂದ ಕಪಾಟಿನಲ್ಲಿಟ್ಟು ಮರೆತೆ. ಮಾರ್ಚ್ 4ರಂದು ನೋಡಿದರೆ ಪೂರ್ತಿ ನೀಲಿ. ಸಾಮಾನ್ಯ ಪ್ಲಾಸ್ಟಿಕ್ ಹಾಳೆಯ ಮೂಲಕವೇ ಆಮ್ಲಜನಕ ನಿಧಾನವಾಗಿ ಒಳಗೆ ನುಗ್ಗುತ್ತದೆ, ಜಿಪ್ಪಿನ ಅಂಚು ಅದಕ್ಕಿಂತ ಕಡೆ. ಎರಡು ಪೊಟ್ಟಣಗಳೂ ಐದು ದಿನಗಳೂ ಹಾಳಾದವು.

ಎರಡನೆಯ ಸಲ ಅಲ್ಯೂಮಿನಿಯಂ ಪದರವಿರುವ ತಡೆಹಾಳೆಯನ್ನು ತರಿಸಿ, ಮೂರು ಬದಿಗಳನ್ನು ಹೇರ್ ಸ್ಟ್ರೇಟ್ನರಿನಿಂದ ಬಿಸಿಮಾಡಿ ಬೆಸೆದೆ. ಪ್ರತಿ ಅಂಚಿಗೂ ಎರಡು ಸಾಲು ಬೆಸುಗೆ, ನಡುವೆ ಒಂದು ಸೆಂಟಿಮೀಟರ್ ಅಂತರ. ಮೂರ್ತಿಯನ್ನು ಹತ್ತಿಯ ಮೃದು ಬಟ್ಟೆಯ ಗೂಡಿನಲ್ಲಿ ಮಲಗಿಸಿದೆ. ಪೊಟ್ಟಣಗಳು ಕೆಲಸಮಾಡುವಾಗ ಬಿಸಿಯಾಗುವುದರಿಂದ ಅವು ಮೂರ್ತಿಗೆ ತಾಗದಂತೆ ರಟ್ಟಿನ ತಡೆಯಿಟ್ಟೆ. ಚೀಲದಲ್ಲಿ ಸುಮಾರು 6 ಲೀಟರ್ ಗಾಳಿ, ಅದರಲ್ಲಿ ಹೆಚ್ಚುಕಡಿಮೆ 1.3 ಲೀಟರ್ ಆಮ್ಲಜನಕ. ತಲಾ 1 ಲೀಟರ್ ಹೀರುವ ಎರಡು ಪೊಟ್ಟಣಗಳನ್ನು ಹಾಕಿದೆ. ಮಾತ್ರೆ ಕಾಣಲು ಚೀಲಕ್ಕೆ ಪಾರದರ್ಶಕ ತಡೆಹಾಳೆಯ ಸಣ್ಣ ಕಿಟಕಿ ಕೂಡಿಸಿದ್ದೆ. ಮಾರ್ಚ್ 6ರಂದು ಮುಚ್ಚಿದ್ದು 27ರವರೆಗೆ, ಅಂದರೆ 21 ದಿನ, ಗುಲಾಬಿಯಾಗಿಯೇ ಉಳಿಯಿತು. ಕೋಣೆಯ ಉಷ್ಣತೆ 27ರಿಂದ 29 ಡಿಗ್ರಿ. ಈ ಊರಿನ ಸೆಕೆ ಇಲ್ಲಿ ಉಪಕಾರಿ: ಹುಳು ಚುರುಕಾಗಿದ್ದಷ್ಟೂ ಬೇಗ ಉಸಿರುಗಟ್ಟುತ್ತದೆ.

ಏಪ್ರಿಲ್ 4ರ ಚಿಂಗ್‌ಮಿಂಗ್ ಹಬ್ಬಕ್ಕೆ, ಹಿರಿಯರ ಸಮಾಧಿಗಳನ್ನು ಗುಡಿಸಿ ಎಡೆಯಿಡುವ ಆ ದಿನಕ್ಕೆ, ಮೂರ್ತಿಯನ್ನು ಮರಳಿಸುವೆನೆಂದು ನಾನು ಆಂಟಿಗೆ ಮಾತು ಕೊಟ್ಟಿದ್ದೆ. ಕೆಲಸ ಎಷ್ಟಿದೆ ಎಂದು ಅಳೆಯದೆ ಕೊಟ್ಟ ಮಾತು ಅದು. ತಪ್ಪೊಪ್ಪಿಕೊಂಡು ಹೋದಾಗ ಅವರು, “ಇಷ್ಟು ವರ್ಷ ಕಾದವರು ಇನ್ನೂ ಸ್ವಲ್ಪ ಕಾಯುತ್ತಾರೆ, ನೀನು ಅವಸರ ಮಾಡಬೇಡ” ಎಂದರು.

ಇದೇ ಅವಧಿಯಲ್ಲಿ: ಮೊದಲ ಹಸ್ತ, ಅದೂ ತಪ್ಪು ಹಸ್ತ

ಮೂರ್ತಿ ಚೀಲದಲ್ಲಿದ್ದ ಮೂರು ವಾರಗಳಲ್ಲಿ ಕೈ ಸುಮ್ಮನಿರಲಿಲ್ಲ. ಚಿತ್ರಗಳನ್ನು ನೋಡಿಕೊಂಡೇ ಬಲಗೈಯನ್ನು ಕೆತ್ತಲು ಕುಳಿತೆ. ಈ ಬಗೆಯ ಮೂರ್ತಿಗಳ ಕೈಯಲ್ಲಿ ಬೀಸಣಿಗೆ, ಬಟ್ಟಲು ಮುಂತಾದವು ಇರುವುದನ್ನು ನೋಡಿದ್ದರಿಂದ, ಬೀಸಣಿಗೆ ಹಿಡಿಯಲು ತೂತಿರುವ ಮುಷ್ಟಿಯೊಂದನ್ನು 19 ಮಿಲಿಮೀಟರ್ ಉದ್ದಕ್ಕೆ ಕೆತ್ತಿದೆ. ಬಳಸಿದ್ದು ಜೆಲುಟಾಂಗ್ ಎಂಬ ಇಲ್ಲಿಯ ಮರ. ತಿಳಿಬಣ್ಣ, ಮೃದು, ಉಳಿಗೆ ಎರಡೂ ದಿಕ್ಕಿನಲ್ಲಿ ಒಗ್ಗುತ್ತದೆ, ನಮ್ಮ ಶಿವನೆ ಮರದ ಕೆಲಸವನ್ನು ನೆನಪಿಸುತ್ತದೆ. ಎರಡು ಸಂಜೆ ಹಿಡಿದ ಆ ಮುಷ್ಟಿ ನೋಡಲು ಚೆನ್ನಾಗಿಯೇ ಬಂದಿತ್ತು. ಅದು ಏಕೆ ತಪ್ಪಾಯಿತು ಎಂಬುದು ಮಸಿ ತೆಗೆದ ಮೇಲೆ ತಿಳಿಯಿತು.

ಏಪ್ರಿಲ್ 1ರಿಂದ 7: ಎದ್ದ ಬಣ್ಣವನ್ನು ಕೂರಿಸಿದ್ದು

ಒರೆಸುವ ಮುಂಚೆ ಬಣ್ಣ ಕೂರಬೇಕು. ಇಲ್ಲವಾದರೆ ಮಸಿಯೊಂದಿಗೆ ಬಣ್ಣವೂ ಬರುತ್ತದೆ. ಸ್ಟರ್ಜನ್ ಮೀನಿನ ಗಾಳಿಚೀಲದ ಅಂಟನ್ನು 100 ಮಿಲಿಲೀಟರ್ ನೀರಿಗೆ 3 ಗ್ರಾಂ ಪ್ರಮಾಣದಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು 50 ಡಿಗ್ರಿಯಲ್ಲಿ ಕರಗಿಸಿದೆ. ನೇರ ಉರಿಗೆ ಇಡಬಾರದು, ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ನಮ್ಮ ಬಡಗಿಗಳು ಮರವಜ್ರ ಕಾಯಿಸುವ ಕ್ರಮವೂ ಇದೇ. ಹಕ್ಕಳೆಯ ಅಂಚಿಗೆ ಮೊದಲು ನೀರು ಬೆರೆಸಿದ ಎಥನಾಲಿನ ಒಂದು ಹನಿ, ಆಮೇಲೆ ಸೊನ್ನೆ ನಂಬರಿನ ಕುಂಚದ ತುದಿಯಿಂದ ಅಂಟಿನ ಒಂದು ಹನಿ. ಅದು ತಾನಾಗಿ ಒಳಗೆ ಹರಿಯುತ್ತದೆ. ಎರಡು ನಿಮಿಷ ಬಿಟ್ಟು, ಅಂಟು ಹಿಡಿಯದ ಸಿಲಿಕೋನ್ ಕಾಗದವನ್ನು ಮೇಲಿಟ್ಟು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಟೀ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಬೇಕು.

ದಿನಕ್ಕೆ ಒಂದೂವರೆ ಗಂಟೆಯಂತೆ ಏಳು ದಿನ ಹಿಡಿಯಿತು. ಮೂರನೆಯ ದಿನ ಅಂಟು ತಣ್ಣಗಾಗಿದ್ದನ್ನು ಗಮನಿಸದೆ ಹಚ್ಚಿದ್ದರಿಂದ ಅದು ಒಳಗೆ ಇಳಿಯದೆ ಮೇಲೆಯೇ ನಿಂತು, ಬಲ ಮೊಣಕಾಲಿನ ಕೆಳಗೆ ಒಂದು ಹೊಳಪಿನ ಕಲೆಯಾಯಿತು. ಬೆಚ್ಚಗಿನ ತೇವದ ಹತ್ತಿಯಿಂದ ಮರುದಿನ ತೆಗೆಯಲು ಬಂತು. ಆ ತೇವದ ಹತ್ತಿ ಕೆಂಪು ಬಣ್ಣಕ್ಕೆ ಏನೂ ಮಾಡಲಿಲ್ಲವೆಂಬ ಧೈರ್ಯವೇ ಮುಂದಿನ ವಾರದ ದೊಡ್ಡ ತಪ್ಪಿಗೆ ಕಾರಣವಾಯಿತು.

ಏಪ್ರಿಲ್ 13, 14, 20: ಮಸಿ ತೆಗೆದದ್ದು, ಚಿನ್ನ ಕಳೆದದ್ದು

ಮೊದಲು ಮೃದು ಕುಂಚದಿಂದ ಧೂಳು ಗುಡಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿದ ವ್ಯಾಕ್ಯೂಮ್ ಕೊಳವೆಯನ್ನು ದೂರದಲ್ಲಿ ಹಿಡಿದೆ. ಬಳಿಕ ಮಸಿ ಹೀರುವ ರಬ್ಬರ್ ಸ್ಪಂಜನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಉಜ್ಜದೆ, ಒತ್ತಿ ಎತ್ತುತ್ತ ಹೋದೆ. ಅರ್ಧಕ್ಕೂ ಹೆಚ್ಚು ಮಸಿ ಹೀಗೆ ಒಣದಾಗಿಯೇ ಬಂತು. ಊದುಬತ್ತಿ ಮತ್ತು ಎಣ್ಣೆದೀಪದ ಜಿಗುಟು ಪದರ ಉಳಿಯಿತು. ಕೆಂಪು ನಿಲುವಂಗಿಯ ಮೇಲೆ, ಸಂರಕ್ಷಕರು ಬಳಸುವ ಸರಳ ಉಪಾಯವನ್ನೇ, ಅಂದರೆ ಹತ್ತಿಕಡ್ಡಿಗೆ ಸ್ವಂತ ಎಂಜಲನ್ನು ಬಳಸಬೇಕೆಂದಿದ್ದೆ. ಪೂಜೆಯ ಮೂರ್ತಿಗೆ ಎಂಜಲು ಮುಟ್ಟಿಸಲು ನನ್ನ ಕೈ ಏಳಲಿಲ್ಲ. ಬದಲಿಗೆ ಭಟ್ಟಿ ಇಳಿಸಿದ ನೀರನ್ನು ಹತ್ತಿಗೆ ಮುಟ್ಟಿಸಿ, ಹಿಂಡಿ, ಉರುಳಿಸಿ ತೆಗೆದೆ. ಕೆಂಪು ಸ್ವಚ್ಛವಾಗಿ, ಗಂಭೀರವಾಗಿ ಎದ್ದು ಬಂತು.

ಅದೇ ಕಡ್ಡಿಯನ್ನು ಎಡಭುಜದ ಚಿನ್ನದ ಅಂಚಿನ ಮೇಲೆ ಉರುಳಿಸಿದೆ. ಪರೀಕ್ಷೆ ಮಾಡಿರಲಿಲ್ಲ. ಎರಡನೆಯ ಸುತ್ತಿಗೆ ಹತ್ತಿಯ ಮೇಲೆ ಹೊಳಪು ಕಂಡಿತು. ಕೆಂಪು ಪದರ ನೀರಿಗೆ ಜಗ್ಗದಿದ್ದರೂ ಚಿನ್ನದ ರೇಕಿನ ಕೆಳಗಿದ್ದ ಅಂಟು ನೀರಿಗೆ ಕರಗುವಂಥದ್ದು. 8 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಚಿನ್ನ ಹೋಯಿತು. ಅಷ್ಟು ವರ್ಷಗಳ ಹೊಗೆಯನ್ನೂ ಸಮುದ್ರಯಾನವನ್ನೂ ತಾಳಿದ ರೇಕು ನನ್ನ ಕೈಯಲ್ಲಿ ಅರೆನಿಮಿಷದಲ್ಲಿ ಹೋದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ದಿನ ಕೆಲಸ ನಿಲ್ಲಿಸಿ, ಸಂಜೆ ಆಂಟಿಗೆ ತೋರಿಸಿ ಹೇಳಿದೆ. ಹೊಸ ರೇಕು ಹಚ್ಚಲೇ ಎಂದು ಕೇಳಿದಾಗ ಬೇಡವೆಂದರು. ನನಗೂ ಅದೇ ಸರಿಯೆನಿಸಿತು. ಆ ಜಾಗ ಹಾಗೆಯೇ ಇದೆ. ಉಳಿದ ಚಿನ್ನವನ್ನು, ಕಾಣದ ಮೂಲೆಯಲ್ಲಿ ಪರೀಕ್ಷಿಸಿದ ನಂತರ, ವೈಟ್ ಸ್ಪಿರಿಟ್ ಎಂಬ ನೀರಿಲ್ಲದ ಪೆಟ್ರೋಲಿಯಂ ದ್ರಾವಕದಿಂದ ಮಾತ್ರ ಮುಟ್ಟಿದೆ. ಒಂದೊಂದು ಬಣ್ಣಕ್ಕೂ, ಒಂದೊಂದು ರೇಕಿಗೂ, ಪ್ರತ್ಯೇಕವಾಗಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಲೇಬೇಕು.

ಮುಖವನ್ನು ಒಣ ಸ್ಪಂಜಿನಿಂದ ಕೆನ್ನೆಗಳವರೆಗೆ ಮಾತ್ರ ಮುಟ್ಟಿದೆ. ಹೊಗೆ ಹಿಡಿದ ಆ ಮುಖವೇ ಆಂಟಿಗೆ ಪರಿಚಿತವಾದದ್ದು. ಕಣ್ಣುಗಳ ಹತ್ತಿರ ಹೋಗಲೇ ಇಲ್ಲ. ಚೀನೀಯರು ಕೈಗ್ವಾಂಗ್, ಅಂದರೆ ಬೆಳಕು ತೆರೆಯುವುದು, ಎನ್ನುವ ವಿಧಿಯಲ್ಲಿ ಕಣ್ಣಿಗೆ ಕುಂಚ ಮುಟ್ಟಿಸಿದಾಗಲೇ ಮರ ಮೂರ್ತಿಯಾಗುತ್ತದೆ. ನಮ್ಮ ನೇತ್ರೋನ್ಮೀಲನದಂತೆ ಅದು ವಿಧಿ ಬಲ್ಲವರ ಕೆಲಸ, ದುರಸ್ತಿಗಾರನದಲ್ಲ.

20ರಂದು ಬಲ ಮೊಣಕಾಲಿನ ಮಸಿ ಹೋದಾಗ, ಅಲ್ಲಿ 16 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಒಂದು ಗುರುತು ಕಂಡಿತು. ಸುತ್ತಲಿನ ಕೆಂಪು ಹೊಗೆಯಿಂದ ಕಂದಿದ್ದರೆ ಈ ಗುರುತಿನೊಳಗಿನ ಕೆಂಪು ಮೊದಲಿನ ದಿನದ ಹಾಗೆ ತಾಜಾ ಆಗಿತ್ತು, ಮತ್ತು ಅದರ ಒಂದು ತುದಿ ನಾಲ್ಕು ಸಣ್ಣ ಅಲೆಗಳಾಗಿ ಮುಗಿದಿತ್ತು. ಅದು ನಾಲ್ಕು ಬೆರಳುಗಳ ಗುರುತು. ಕಳೆದುಹೋದ ಹಸ್ತ ಬೀಸಣಿಗೆಯನ್ನೂ ಹಿಡಿದಿರಲಿಲ್ಲ, ಬಟ್ಟಲನ್ನೂ ಹಿಡಿದಿರಲಿಲ್ಲ. ಅಂಗೈ ಕೆಳಗಾಗಿ ಮೊಣಕಾಲಿನ ಮೇಲೆ ವಿಶ್ರಮಿಸಿತ್ತು. ನಾನು ಕೆತ್ತಿದ ಮುಷ್ಟಿಯನ್ನು ಆ ರಾತ್ರಿಯೇ ಪಕ್ಕಕ್ಕಿಟ್ಟೆ. ಮೂರ್ತಿಯನ್ನು ಓದಿ ಮುಗಿಸುವ ಮೊದಲೇ ಕೆತ್ತಲು ಹೊರಟದ್ದು ಈ ಕೆಲಸದಲ್ಲಿ ನನ್ನ ಅತಿ ದೊಡ್ಡ ತಪ್ಪು. ಚಿನ್ನ ಕಳೆದದ್ದು ಕೈತಪ್ಪು, ಇದು ಬುದ್ಧಿಯ ತಪ್ಪು.

ಮೇ 4 ಮತ್ತು 5: ಬುಡಕ್ಕೆ ಬಲ

ಬುಡ ಬೆರಳಿನಿಂದ ಒತ್ತಿದರೆ ರಸ್ಕಿನಂತೆ ಕುಸಿಯುವಷ್ಟು ಟೊಳ್ಳಾಗಿತ್ತು. ಅಡಿಭಾಗದಲ್ಲಿ ಬಣ್ಣವಿಲ್ಲದ ಬರಿಯ ಮರ. ಅಲ್ಲಿಂದ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಮೊದಲು ಶೇಕಡಾ 5, ನಂತರ ಶೇಕಡಾ 10ರ ಪ್ರಮಾಣದಲ್ಲಿ ಕರಗಿಸಿ ಸಿರಿಂಜಿನಿಂದ ತೂತುಗಳಿಗೆ ಹನಿಸಿದೆ. ಕಿಟಕಿ ತೆರೆದು, ಮುಖಗವಸು ಧರಿಸಿ ಮಾಡಬೇಕಾದ ಕೆಲಸ.

ಕುಟ್ಟೆ ಕೊರೆದ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. ಅಡಿಯಲ್ಲಿ ಹಾಕಿದ ದ್ರಾವಣ ಮುಂಭಾಗದ ನಿಲುವಂಗಿಯ ಅಂಚಿನಲ್ಲಿದ್ದ ಒಂದು ತೂತಿನಿಂದ ಹೊರಗೆ ಹರಿದು, ಕೆಂಪು ಬಣ್ಣವನ್ನು ಹೆಸರುಕಾಳಿನಷ್ಟು ಅಗಲಕ್ಕೆ ಮಂಕು ಮಾಡಿತು. ಒರೆಸಲು ಹೋದರೆ ಇನ್ನೂ ಹರಡುತ್ತದೆಂದು ಕೈ ಹಿಂದೆ ತೆಗೆದು ಒಣಗಲು ಬಿಟ್ಟೆ. ನಂತರ ಬಣ್ಣದ ಬದಿಯ ಎಲ್ಲ ತೂತುಗಳಿಗೂ ಜೇನುಮೇಣದ ಸಣ್ಣ ಬಿರಟೆಗಳನ್ನು ಒತ್ತಿ, ಮೂರ್ತಿಯನ್ನು ಹಿಂದಕ್ಕೆ ಓರೆಯಾಗಿಸಿ ಕೆಲಸ ಮುಂದುವರಿಸಿದೆ. ಮೇಣ ಹಚ್ಚುವುದು ಮೊದಲ ಹೆಜ್ಜೆಯಾಗಬೇಕಿತ್ತು. ಎರಡು ದಿನ ಒಣಗಿದ ಮೇಲೆ, ಅದೇ ರಾಳಕ್ಕೆ ಗಾಜಿನ ಸೂಕ್ಷ್ಮ ಗುಳಿಗೆಗಳ ಪುಡಿ ಬೆರೆಸಿ, ಬುಡದ ಎರಡು ದೊಡ್ಡ ಟೊಳ್ಳುಗಳನ್ನು ತುಂಬಿ ಮೂರ್ತಿ ಅಲುಗಾಡದೆ ನಿಲ್ಲುವಂತೆ ಮಾಡಿದೆ.

ಮೇ 18: ಬೆನ್ನಿನ ಗೂಡು

ಮುಚ್ಚಳ ಒಂದು ಅಂಚಿನ ಅಂಟಿನಿಂದಷ್ಟೇ ನಿಂತಿತ್ತು; ಕುಟ್ಟೆ ತಿಂದ ಅದನ್ನು ಗಟ್ಟಿಮಾಡಲು ತೆಗೆಯಲೇಬೇಕಾಗಿತ್ತು. ಪುರೋಹಿತರು ಒಪ್ಪಿ ದಿನ ನೋಡಿಕೊಟ್ಟರು. ಆಂಟಿ, ಅವರ ಮಗ, ಮತ್ತು ಹಳೆಯ ಲಿಪಿಯನ್ನು ಓದಬಲ್ಲ ಅವರ ಸಂಬಂಧಿಕರಾದ ನಿವೃತ್ತ ಚೀನೀ ಭಾಷಾ ಶಿಕ್ಷಕರು ಮೇಜಿನ ಸುತ್ತ ಕುಳಿತಿದ್ದರು. ತೆಳುವಾದ ಬಿದಿರಿನ ಚಕ್ಕೆಯನ್ನು ಅಂಚಿನಲ್ಲಿ ತೂರಿಸಿ ಹತ್ತು ನಿಮಿಷ ಆಡಿಸಿದಾಗ ಮುಚ್ಚಳ ಇಡಿಯಾಗಿ ಬಂತು.

ಒಳಗೆ ಇದ್ದವು: ಮಡಿಸಿದ ಕಾಗದ, ಕಾಗದದ ಪುಟ್ಟ ಪೊಟ್ಟಣದಲ್ಲಿ ಒಣಗಿದ ಗಿಡಮೂಲಿಕೆ, ಐದು ಬಣ್ಣದ ರೇಷ್ಮೆ ನೂಲು, ನಡುವೆ ಚೌಕ ತೂತಿರುವ ಒಂದು ತಾಮ್ರದ ನಾಣ್ಯ, ಕೆಲವು ಅಕ್ಕಿಕಾಳು, ಚಹಾ ಎಲೆ, ಒಂದು ಒಣಗಿದ ಕೀಟ. ಕೀಟವನ್ನು ಕುಟ್ಟೆಯ ಅವಶೇಷವೆಂದು ಭಾವಿಸಿ ಬಿಸಾಡಬಾರದು. ಹುನಾನಿನ ಮೂರ್ತಿಗಳಲ್ಲಿ ಅದನ್ನು ಜೀವಶಕ್ತಿಗಾಗಿ ಬೇಕೆಂದೇ ಇಡುತ್ತಾರೆ. ಪ್ರತಿಯೊಂದು ವಸ್ತು ಯಾವ ಕ್ರಮದಲ್ಲಿ, ಯಾವ ಮುಖ ಮೇಲಾಗಿ ಇತ್ತೆಂದು ಚಿತ್ರ ತೆಗೆದು ಸಂಖ್ಯೆ ಬರೆದುಕೊಂಡೆ.

ಕಾಗದದ ವಿಷಯದಲ್ಲಿ ಮತ್ತೆ ಅವಸರ ಮಾಡಿದೆ. ಎಲ್ಲರೂ ಕಾಯುತ್ತಿದ್ದಾರೆಂದು ಮೊದಲ ಮಡಿಕೆಯನ್ನು ಒಣದಾಗಿಯೇ ಬಿಡಿಸಲು ಹೋಗಿ, ಮಡಿಕೆಯ ಗುಂಟ 2 ಸೆಂಟಿಮೀಟರ್ ಸೀಳಿತು. ತಕ್ಷಣ ನಿಲ್ಲಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಒತ್ತುಕಾಗದ, ಅದರ ಮೇಲೆ ಆವಿ ಮಾತ್ರ ದಾಟುವ ಗೋರ್‌ಟೆಕ್ಸ್ ಬಟ್ಟೆ, ಅದರ ಮೇಲೆ ಈ ಕಾಗದ ಎಂಬಂತೆ ಇಟ್ಟೆ. ಶಾಯಿಯೂ ಕೆಂಪು ಮುದ್ರೆಯೂ ತೇವಕ್ಕೆ ಹರಡುವುದಿಲ್ಲವೆಂದು ಮೂಲೆಯಲ್ಲಿ ನೋಡಿಕೊಂಡಿದ್ದೆ. ನಲವತ್ತು ನಿಮಿಷಗಳ ನಂತರ ಕಾಗದ ಬಟ್ಟೆಯಂತೆ ಮೆತ್ತಗಾಗಿ, ಒಂದೊಂದೇ ಮಡಿಕೆ ತೆರೆದುಕೊಂಡಿತು. ಬಿಡಿಸಿದಾಗ 38 ಸೆಂಟಿಮೀಟರ್ ಉದ್ದ, 26 ಅಗಲ.

ಇಂಥ ಕಾಗದಕ್ಕೆ ಯಿಝಿ ಎನ್ನುತ್ತಾರೆ. ಮೂರ್ತಿ ಮಾಡಿಸಿದವರ ಊರು, ಮನೆಯವರ ಹೆಸರುಗಳು, ಮೂರ್ತಿ ಯಾರದು, ಹರಕೆ ಏನು, ಪ್ರತಿಷ್ಠೆಯ ದಿನ ಯಾವುದು ಎಂಬ ವಿವರಗಳನ್ನು ಅದರಲ್ಲಿ ಬರೆಯುವುದು ರೂಢಿ. ಕೆತ್ತಿದವರ ಹೆಸರೂ ಇರುತ್ತದೆ. ಫ್ರಾನ್ಸಿನ ದೂರಪ್ರಾಚ್ಯ ಅಧ್ಯಯನ ಸಂಸ್ಥೆಯ ವಿದ್ವಾಂಸರು ಹುನಾನಿನ ಇಂಥ ಸಾವಿರಾರು ಮೂರ್ತಿಗಳನ್ನು ಪಟ್ಟಿಮಾಡಲು ಸಾಧ್ಯವಾದದ್ದು ಈ ಕಾಗದಗಳಿಂದಲೇ. ಚೀನದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ (1966–76) ಎಷ್ಟೋ ಮೂರ್ತಿಗಳು ಸುಟ್ಟುಹೋದವು; ಉಳಿದವುಗಳ ಗುರುತು ಬೆನ್ನಿನ ಗೂಡಿನಲ್ಲಿದೆ.

ಶಿಕ್ಷಕರು ಬಲದಿಂದ ಎಡಕ್ಕೆ, ಸಾಲುಸಾಲಾಗಿ, ಗಟ್ಟಿಯಾಗಿ ಓದಿದರು. ಹುನಾನ್ ಪ್ರಾಂತ, ಬಾವೊಚಿಂಗ್ ಜಿಲ್ಲೆ, ಶಿನ್‌ಹ್ವಾ ತಾಲ್ಲೂಕು. ಅದರ ಮುಂದೆ ಊರಿನ ಹೆಸರು. ಗ್ವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯ 12ನೆಯ ವರ್ಷ, ಬಿಂಗ್‌ಶು ವರ್ಷ, ಹತ್ತನೆಯ ತಿಂಗಳು, ಅಂದರೆ 1886. ಚೀನೀಯರ ವರ್ಷಚಕ್ರಕ್ಕೂ ನಮ್ಮ ಸಂವತ್ಸರಗಳಂತೆ 60 ಹೆಸರು. ಲೆಕ್ಕಹಾಕಿ ನೋಡಿದೆ: ನಮ್ಮಲ್ಲಿ ಅದು ವ್ಯಯ ಸಂವತ್ಸರ. ಮುಂದಿನ ಸಾಲನ್ನು ಓದುವಾಗ ಶಿಕ್ಷಕರು ಒಮ್ಮೆ ನಿಂತು, ಮತ್ತೆ ಮೊದಲಿನಿಂದ ಓದಿದರು. ಇಬ್ಬರು ಗಂಡುಮಕ್ಕಳೂ ಅವರ ಹೆಂಡಿರೂ ತೀರಿಹೋದ ತಮ್ಮ ತಂದೆಯ ರೂಪವನ್ನು ಕೆತ್ತಿಸಿ, ಮನೆಮಂದಿಯ ಕ್ಷೇಮಕ್ಕಾಗಿ ಪೂಜೆಗಿಟ್ಟಿದ್ದಾರೆ. ಮನೆತನದ ಹೆಸರು ಆಂಟಿಯ ಗಂಡನ ಮನೆತನದ್ದೇ.

ಅದು ತೂದಿಗೋಂಗ್ ಅಲ್ಲ. ನಲವತ್ತು ವರ್ಷ ನೆಲದ ದೇವರೆಂದು ಪೀಠದ ಅಡಿಯಲ್ಲಿ ಕುಳಿತಿದ್ದವರು ಮನೆಯ ಹಿರಿಯರು. ಅವರ ಸ್ಥಾನ ಮೇಲೆ, ಹೆಸರಿನ ಫಲಕಗಳ ಪಕ್ಕದಲ್ಲಿ. ಆಂಟಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ, ಒಂದು ಬಟ್ಟಲು ಚಹಾ ಮಾಡಿ ತಂದು ಮೂರ್ತಿಯ ಮುಂದೆ ಎರಡೂ ಕೈಗಳಿಂದ ಇಟ್ಟರು.

ಜೂನ್ 1ರಿಂದ 16: ಎರಡನೆಯ ಮತ್ತು ಮೂರನೆಯ ಹಸ್ತ

ಮೊಣಕಾಲಿನ ಗುರುತನ್ನು ಪಾರದರ್ಶಕ ಹಾಳೆಯ ಮೇಲೆ ಪೆನ್ಸಿಲಿನಿಂದ ಎತ್ತಿಕೊಂಡು ಹಸ್ತದ ಅಡಿಯಳತೆ ಪಡೆದೆ. ಎರಡನೆಯ ಹಸ್ತವನ್ನು ಕೆತ್ತುವಾಗ ಮರದ ಎಳೆ ಬೆರಳುಗಳಿಗೆ ಅಡ್ಡವಾಗಿ ಬರುವಂತೆ ತುಂಡು ಕತ್ತರಿಸಿದ್ದೆ. ಕಿರುಬೆರಳು ಬಿಡಿಸುವಾಗ ಮೂರು ಬೆರಳು ಒಟ್ಟಿಗೆ ಚಟ್ಟೆಂದು ಹಾರಿಹೋದವು. ಎಳೆ ಬೆರಳಿನ ಉದ್ದಕ್ಕೆ ಓಡಬೇಕೆಂಬುದು ಹುಡುಗನಾಗಿದ್ದಾಗ ಗುಡಿಗಾರರ ಜಗಲಿಯಲ್ಲಿ ಕಲಿತ ಮೊದಲ ಪಾಠ. ಗೂಟದ ಬಲವನ್ನಷ್ಟೇ ಯೋಚಿಸುತ್ತ ಅದನ್ನು ಮರೆತಿದ್ದೆ. ಮೂರನೆಯ ಸಲ ಹಸ್ತದ ಎಳೆಯನ್ನು ಬೆರಳಿನ ದಿಕ್ಕಿಗೆ ಇಟ್ಟು, ಗೂಟವನ್ನು ಮರದಲ್ಲಿ ತೆಗೆಯದೆ ಬಿದಿರಿನಿಂದ ಬೇರೆಯಾಗಿ ಮಾಡಿ ಸೇರಿಸಿದೆ. 3 ಮಿಲಿಮೀಟರ್ ಬಾಯಿಯ ಚಪ್ಪಟೆ ಉಳಿ, 2 ಮಿಲಿಮೀಟರ್ ಬಾಗಿದ ಬಾಯಿಯ ಉಳಿ, ಒಂದು ಚೂರಿ ಇಷ್ಟೇ ಉಪಕರಣ. ಮುಗಿದಾಗ 17 ಮಿಲಿಮೀಟರ್ ಉದ್ದ, 12 ಅಗಲ. ಅಡಿಯನ್ನು ಮೊಣಕಾಲಿನ ಉಬ್ಬಿಗೆ ತಕ್ಕಂತೆ ಕೆರೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಜಲವರ್ಣದಿಂದ ಸುತ್ತಲಿನ ಕೈಗಿಂತ ಅರ್ಧ ಛಾಯೆ ತಿಳಿಯಾಗಿ ಬಣ್ಣ ಕೊಟ್ಟೆ, ಹತ್ತಿರದಿಂದ ನೋಡಿದವರಿಗೆ ಹೊಸದೆಂದು ತಿಳಿಯಲಿ ಎಂದು. ಗೂಟದ ಮೇಲೆ ಪೆನ್ಸಿಲಿನಿಂದ 2024 ಎಂದು ಬರೆದು, ಸರೇಸಿನ, ಅಂದರೆ ಮರವಜ್ರದ, ಒಂದೇ ಹನಿಯಿಂದ ಸೇರಿಸಿದೆ. ಬೆಚ್ಚಗಿನ ತೇವ ಕೊಟ್ಟರೆ ಬಿಚ್ಚಿಕೊಳ್ಳುತ್ತದೆ.

ಕಾಗದದ ಸೀಳಿಗೆ ಜಪಾನಿ ತೆಳುಕಾಗದದ ಪಟ್ಟಿಯನ್ನು ಗೋಧಿಗಂಜಿಯಿಂದ ಹಿಂಬದಿಗೆ ಅಂಟಿಸಿ, ಒಣಗಿಸಿ, ಹಳೆಯ ಮಡಿಕೆಗಳಲ್ಲೇ ಮಡಿಸಿದೆ. ಎಲ್ಲ ವಸ್ತುಗಳೂ ಬಂದ ಕ್ರಮದ ತಿರುವುಮುರುವಾಗಿ ಒಳಗೆ ಹೋದವು. ಪುರೋಹಿತರು ಮರುಪ್ರತಿಷ್ಠೆಯ ಹೊಸ ಕಾಗದವೊಂದನ್ನು ಬರೆದುಕೊಟ್ಟಿದ್ದರು; ಅದನ್ನು ಹಳೆಯದರ ಪಕ್ಕದಲ್ಲಿಟ್ಟೆ. ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಲಿಲ್ಲ, ಅಂಚಿನ ಸುತ್ತ ಗಂಜಿ ಹಚ್ಚಿದ ತೆಳುಕಾಗದ ಮಾತ್ರ.

ಖರ್ಚು

ಸಿಂಗಪುರ ಡಾಲರುಗಳಲ್ಲಿ: ತಡೆಹಾಳೆ 32, ಆಮ್ಲಜನಕ ಹೀರುವ ಪೊಟ್ಟಣ 26 (ಇದರಲ್ಲಿ 13 ಜಿಪ್ ಚೀಲದ ಪಾಲಾಯಿತು), ಸೂಚಕ ಮಾತ್ರೆ 11, ಮೀನಿನ ಅಂಟು 24, ರಾಳ 18, ಗಾಜಿನ ಗುಳಿಗೆ ಪುಡಿ 14, ಮಸಿ ಸ್ಪಂಜು 8, ಜಪಾನಿ ಕಾಗದ 12, ಜೆಲುಟಾಂಗ್ ತುಂಡು 7, ತೇವಾಂಶ ಮಾಪಕ 16. ಒಟ್ಟು 168. ಉಳಿದುದೆಲ್ಲ ಮನೆಯಲ್ಲಿತ್ತು. ಕೂಲಿಯ ಮಾತು ಬರಲಿಲ್ಲ. ಆಂಟಿ ಪ್ರತಿ ಶನಿವಾರ ಊಟ ಕಳಿಸುತ್ತಿದ್ದರು.

ಜೂನ್ 22: ಮೇಲಿನ ಸ್ಥಾನ

ಪುರೋಹಿತರು ಬೆಳಿಗ್ಗೆ ಬಂದು ಕಣ್ಣಿಗೆ ಕುಂಚ ಮುಟ್ಟಿಸಿದರು. ಮೂರ್ತಿ ಈಗ ಪೂಜಾಪೀಠದ ಮೇಲಿನ ಹಂತದಲ್ಲಿ, ಮನೆತನದ ಫಲಕಗಳ ಪಕ್ಕ, ಬಲಗೈಯನ್ನು ಮೊಣಕಾಲಿನ ಮೇಲಿಟ್ಟು ಕುಳಿತಿದೆ. ಬುಡದ ಕೆಳಗೆ ಗಾಳಿಯಾಡಲು 8 ಮಿಲಿಮೀಟರ್ ಎತ್ತರದ ಮೂರು ಮರದ ಗುಂಡಿಗಳನ್ನು ಇಟ್ಟಿದ್ದೇನೆ, ಅದರ ಕೆಳಗೆ ಬಿಳಿಯ ಕಾಗದ ಹಾಸಿದ್ದೇನೆ. ಹೊಸ ಹುಡಿ ಬಿದ್ದರೆ ಬಿಳಿಯ ಮೇಲೆ ತಕ್ಷಣ ಕಾಣುತ್ತದೆ. ಏರ್ ಕಂಡೀಷನರಿನ ಗಾಳಿ ನೇರವಾಗಿ ಬೀಳುತ್ತಿದ್ದುದನ್ನು ತಿರುಗಿಸಿದೆವು. ತೇವಾಂಶ ಮಾಪಕ ಆ ದಿನ ಶೇಕಡಾ 63 ತೋರಿಸಿತು. ಮೂರ್ತಿಯ ತೂಕ ಈಗ 609 ಗ್ರಾಂ.

ನೆಲಮಟ್ಟದ ಜಾಗ ಖಾಲಿಯಾಗಿರಬಾರದೆಂದು ಆಂಟಿಯ ಮಗ ತೂದಿಗೋಂಗ್‌ನ ಹೊಸ ಪಿಂಗಾಣಿ ಮೂರ್ತಿಯೊಂದನ್ನು ತಂದಿಟ್ಟಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಹೋಗಿ ಬಿಳಿ ಕಾಗದವನ್ನು ನೋಡಿ ಬರುತ್ತೇನೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ಸಲ ಅದು ಸ್ವಚ್ಛವಾಗಿತ್ತು. ಎಡಭುಜದ ಮೇಲೆ ಚಿನ್ನ ಹೋದ ಜಾಗ ಮಾತ್ರ ಪ್ರತಿ ಸಲವೂ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.